ಮೈ ಮೇಲಿನ ಮಾತು, ಮೈ ಮೇಲಿನ ಖಬರು

ಚಿಕ್ಕಪ್ಪನ ಮಗಳ ಮದುವೆ ಗೊತ್ತಾಗಿತ್ತು. ಅವ್ವ ಗುಳೇದಗುಡ್ಡದ ಖಣ ತಂದುಕೊಟ್ಟಿದ್ದಳು. ಹೊಲಿಸಲು ಹೋದೆ. ಅಳತೆಗೆ ಹಳೇ ಬ್ಲೌಸ್ ಒಯ್ಯುವುದನ್ನು ಮರೆತಿದ್ದೆ. ಟೇಲರ್ ಟೇಪು ಹಿಡಿದು ಅಳೆಯತೊಡಗಿದರು. ಒಳಗೆ ಮಷಿನ್ ಪಕ್ಕ ಕುಳಿತ ಹುಡುಗ ವಹಿಯಲ್ಲಿ ಬರೆದುಕೊಳ್ಳಬೇಕಲ್ಲ, ಅದಕ್ಕೆ ಒಂದೊಂದೇ ನಂಬರ್ ಗಟ್ಟಿಯಾಗಿ ಹೇಳುತ್ತಿದ್ದರು. "ನಲವತ್ನಾಕ." ಮಷಿನ್ ಸಪ್ಪಳದಲ್ಲಿ ಹುಡುಗನಿಗೆ ಸರಿಯಾಗಿ ಕೇಳಿಸಲಿಲ್ಲ. "ಎಷ್ಟ್ರೀ? ನಲವತ್ನಾಕಾ?" ಎಂದು ಮತ್ತೆ ಕೂಗಿದ. ಬೆಂಚಿನ ಮೇಲಿದ್ದ ಇಬ್ಬರು ತಲೆ ಎತ್ತಿ ನೋಡಿದರು. ಟೇಲರ್ ಖಣ ಬಿಚ್ಚಿ ಹರವಿ, "ಇದರಾಗ ಆಗಂಗಿಲ್ರಿ ಅಕ್ಕಾರ, ಇನ್ನೊಂದು ಖಣ ಬೇಕಾಕ್ಕೈತಿ" ಅಂದರು. ಖಣದ ಅಗಲವೇ ಕಡಿಮೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ರಾತ್ರಿ ಅರ್ಧ ರೊಟ್ಟಿ ತಿಂದು ಎದ್ದೆ. ಹನ್ನೊಂದು ಗಂಟೆಗೆ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಗೆ ಹೋದೆ. ಲೈಟ್ ಹಾಕಲಿಲ್ಲ. ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ ನಿಂತುಕೊಂಡೇ ತಿಂದೆ. ಎಷ್ಟು ತಿಂದೆ ಅಂತ ಎಣಿಸಲಿಲ್ಲ. ರುಚಿ ನೆನಪಿಲ್ಲ. ಮುಚ್ಚಳದ ಸಪ್ಪಳ ಆಗಬಾರದು ಅಂತ ಬೆರಳು ಅಡ್ಡ ಇಟ್ಟು ಮುಚ್ಚಿದ್ದು ಮಾತ್ರ ನೆನಪಿದೆ.

ಆ ಅಂಗಡಿಗೂ ಆ ಡಬ್ಬಿಗೂ ಏನು ಸಂಬಂಧ? ಇದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ನನ್ನ ನಾಲಿಗೆ ಹಿಡಿತದಲ್ಲಿಲ್ಲ, ಅಷ್ಟೇ ಅಂತ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು, ಈ ಸಂಬಂಧವನ್ನು ಅಳೆದು ನೋಡಿದವರಿದ್ದಾರೆ.

ದಪ್ಪಗಿರುವವರನ್ನು ದಪ್ಪ ಅನ್ನುವ ಒಂದೇ ಕಾರಣಕ್ಕೆ ಕೀಳಾಗಿ ನೋಡುವುದಕ್ಕೆ 'ವೇಟ್ ಸ್ಟಿಗ್ಮಾ' ಎನ್ನುತ್ತಾರೆ. ಕನ್ನಡದಲ್ಲಿ ತೂಕದ ಕಳಂಕ ಅನ್ನಬಹುದು. ಡುಮ್ಮಿ, ದಡೂತಿ ಅಂತ ಕರೆಯುವುದು ಇದರ ಎದ್ದು ಕಾಣುವ ಭಾಗ. ಕಾಣದ್ದೇ ಜಾಸ್ತಿ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಯಾರೂ ಕೂರದಿರುವುದು. ಪಂಕ್ತಿಯಲ್ಲಿ ನಮ್ಮ ಎಲೆಗೆ ಎರಡನೇ ಹೋಳಿಗೆ ಬಿದ್ದಾಗ ಎದುರಿನವರು ಕಣ್ಣಲ್ಲೇ ಎಣಿಸುವುದು. ಕನ್ಯೆ ನೋಡಲು ಬಂದವರು ಫೋಟೋದಲ್ಲಿ ಹೀಗೆ ಕಾಣಲಿಲ್ಲವಲ್ಲ ಅನ್ನುವುದು. ಸಂಬಂಧಿಕರಂತೂ ಪ್ರೀತಿಯಿಂದಲೇ ಕೇಳುತ್ತಾರೆ: "ಯಾಕ್ ತಂಗಿ, ಮತ್ತಷ್ಟು ಮೈ ಬಂದಂಗ ಕಾಣ್ತೈತಲ್ಲ?" ಗಂಡಸರಿಗೂ ಇದು ತಪ್ಪಿದ್ದಲ್ಲ. ಶಾಲೆಯಲ್ಲಿ ಡುಮ್ಮ ಅನ್ನಿಸಿಕೊಂಡ ಹುಡುಗ ಎಲ್ಲರ ಜೊತೆ ತಾನೂ ನಕ್ಕುಬಿಡುತ್ತಾನೆ. ನಕ್ಕ ಅಂದಮೇಲೆ ಅವನಿಗೆ ನೋವಾಗಲಿಲ್ಲ ಅಂತ ನಾವು ತಿಳಿದುಕೊಳ್ಳುತ್ತೇವೆ.

ಈ ಕಳಂಕ ನಿಂತಿರುವುದು ಒಂದು ನಂಬಿಕೆಯ ಮೇಲೆ: ಮೈ ಬಂದಿದೆ ಅಂದರೆ ತಿಂದು ಕುಳಿತಿದ್ದಾರೆ, ಮನಸ್ಸು ಮಾಡಿದರೆ ಇಳಿಸಬಹುದು. ಈ ನಂಬಿಕೆ ಪೂರ್ತಿ ನಿಜವಲ್ಲ. 1986ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ದತ್ತು ಹೋದ 540 ಜನರ ಮೈಕಟ್ಟನ್ನು ಪರಿಶೀಲಿಸಿದರು. ಅದು ಸಾಕಿದ ಅಪ್ಪ ಅಮ್ಮನ ಮೈಕಟ್ಟಿಗೆ ಹೊಂದಲಿಲ್ಲ, ಹೆತ್ತವರದಕ್ಕೆ ಹೊಂದಿತು. ಉಣ್ಣಿಸಿ ಬೆಳೆಸಿದವರು ಬೇರೆ, ಮೈ ಬಂದದ್ದು ಹೆತ್ತವರಿಂದ. ಇನ್ನೊಂದು ಅಧ್ಯಯನ 2016ರದು. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಬಹಳ ತೂಕ ಇಳಿಸಿದ್ದ 14 ಜನರನ್ನು ಕೆವಿನ್ ಹಾಲ್ ತಂಡ ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿತು. ಇಳಿದ ತೂಕದ ಬಹುಭಾಗ ತಿರುಗಿ ಬಂದಿತ್ತು. ಆದರೂ ಅವರ ದೇಹ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿ, ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಬರಗಾಲ ಬಂತು ಅಂತ ತಿಳಿದು ದೇಹ ಕೈ ಬಿಗಿ ಹಿಡಿದಿತ್ತು. ಥೈರಾಯ್ಡ್ ಕೊರತೆ, ಪಿಸಿಒಎಸ್ ಅನ್ನುವ ಹೆಂಗಸರ ಹಾರ್ಮೋನು ತೊಂದರೆ, ಸ್ಟೀರಾಯ್ಡ್ ಗುಳಿಗೆ, ಮನೋರೋಗದ ಕೆಲವು ಔಷಧಿ ಇವೆಲ್ಲ ತೂಕ ಏರಿಸುತ್ತವೆ ಅನ್ನುವುದು ಈಗ ಬಹಳ ಜನರಿಗೆ ಗೊತ್ತು. ನಿದ್ದೆಗೆಡುವ ರಾತ್ರಿ ಪಾಳಿಯೂ ಅದೇ ಸಾಲಿನದು.

ಹಾಗಂತ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಎಲ್ಲ ನಿಜ. ನಾನು ಹೇಳುವುದು ಇಷ್ಟು: ತೂಕ ಒಂದು ಹೊರೆಯಾದರೆ, ಅದರ ಬಗ್ಗೆ ಕೇಳುವ ಮಾತು ಇನ್ನೊಂದು ಹೊರೆ. ಈ ಎರಡನೇ ಹೊರೆಯೂ ಮೈಗೇ ತಗಲುತ್ತದೆ.

ಹೇಗೆ ತಗಲುತ್ತದೆ ನೋಡಿ. ನಾಲ್ಕು ಜನರ ಮುಂದೆ ಅವಮಾನವಾದಾಗ ದೇಹ ಅದನ್ನು ಅಪಾಯ ಅಂತಲೇ ತೆಗೆದುಕೊಳ್ಳುತ್ತದೆ. ಎದೆ ಬಡಿತ ಏರುತ್ತದೆ. ಕಾರ್ಟಿಸಾಲ್ ಅನ್ನುವ ಹಾರ್ಮೋನು ಹೆಚ್ಚುತ್ತದೆ. ಅದು ಹೆಚ್ಚಿದಾಗ ಹಸಿವು, ಅದರಲ್ಲೂ ಸಿಹಿ ಮತ್ತು ಎಣ್ಣೆ ತಿಂಡಿಯ ಆಸೆ ಏಳುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಕೂರಲೂ ಅದು ದಾರಿ ಮಾಡುತ್ತದೆ. 2011ರಲ್ಲಿ ಅಮೆರಿಕದ ನಟಾಶಾ ಶ್ವೇ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಹೆಣ್ಣುಮಕ್ಕಳಿಗೆ ದಪ್ಪಗಿರುವವರನ್ನು ಹೀಯಾಳಿಸುವ ವಿಡಿಯೋ ತೋರಿಸಿದರು, ಕೆಲವರಿಗೆ ಸಾಮಾನ್ಯ ವಿಡಿಯೋ. ಆಮೇಲೆ ಮುಂದೆ ತಿಂಡಿ ಇಟ್ಟರು. ತೂಕ ಹೆಚ್ಚಿದ್ದವರಲ್ಲಿ ಹೀಯಾಳಿಸುವ ವಿಡಿಯೋ ನೋಡಿದವರು, ಸಾಮಾನ್ಯ ವಿಡಿಯೋ ನೋಡಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕ್ಯಾಲೊರಿ ತಿಂದರು.

ಇದನ್ನು ಓದಿದ ದಿನ ನನ್ನ ಶೇಂಗಾ ಹೋಳಿಗೆ ಡಬ್ಬಿ ಕಣ್ಮುಂದೆ ಬಂತು. ಬಹಳ ಹೊತ್ತು ಸುಮ್ನೆ ಕುಳಿತಿದ್ದೆ.

2014ರಲ್ಲಿ ಜಾನೆಟ್ ಟೊಮಿಯಾಮ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಒಂದು ಚಕ್ರವಾಗಿ ವಿವರಿಸಿದರು. ಹೀಯಾಳಿಕೆಯಿಂದ ಒತ್ತಡ, ಒತ್ತಡದಿಂದ ಕಾರ್ಟಿಸಾಲ್ ಮತ್ತು ತಿನ್ನುವುದು, ಅದರಿಂದ ತೂಕ, ತೂಕದಿಂದ ಮತ್ತೆ ಹೀಯಾಳಿಕೆ. ಎಣ್ಣೆ ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ, ಎಷ್ಟು ನಡೆದರೂ ಅದೇ ಜಾಗ. ಅದಕ್ಕೂ ಒಂದು ವರ್ಷ ಮೊದಲು, ಏಂಜಲೀನಾ ಸುಟಿನ್ ಮತ್ತು ಆಂಟೋನಿಯೊ ಟೆರಾಚಿಯಾನೊ ಅಮೆರಿಕದ 6 ಸಾವಿರಕ್ಕೂ ಹೆಚ್ಚು ಜನರ ನಾಲ್ಕು ವರ್ಷಗಳ ಮಾಹಿತಿ ನೋಡಿದ್ದರು. ಆರಂಭದಲ್ಲಿ ಬೊಜ್ಜು ಇಲ್ಲದಿದ್ದವರಲ್ಲಿ, ತೂಕದ ಕಾರಣಕ್ಕೆ ಭೇದಭಾವ ಅನುಭವಿಸಿದೆವು ಅಂದವರು ನಾಲ್ಕು ವರ್ಷದಲ್ಲಿ ಬೊಜ್ಜಿಗೆ ತಿರುಗುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. "ನಾಲ್ಕು ಮಾತು ಅಂದರೇನೇ ಬುದ್ಧಿ ಬರ್ತೈತಿ" ಅನ್ನುವ ಹಿರಿಯರು ಈ ಒಂದು ಸಾಲು ಓದಬೇಕು. ಬೈದರೆ ಇಳಿಯುವುದಿಲ್ಲ, ಏರುತ್ತದೆ.

ಇನ್ನೊಂದು ಹಾನಿಯೂ ಇದೆ. ಕೆಲವು ವರ್ಷದ ಹಿಂದೆ ಕಿವಿ ನೋವು ಅಂತ ಒಂದು ಆಸ್ಪತ್ರೆಗೆ ಹೋಗಿದ್ದೆ. ಕಿವಿ ನೋಡುವ ಮೊದಲೇ "ಮೊದಲ ತೂಕ ಇಳಸ್ರಿ" ಅಂದರು. ಕಿವಿಗೂ ತೂಕಕ್ಕೂ ಏನು ಸಂಬಂಧ ಅಂತ ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಎರಡು ವರ್ಷ ಯಾವ ಆಸ್ಪತ್ರೆ ಮೆಟ್ಟಿಲನ್ನೂ ಹತ್ತಲಿಲ್ಲ. ಬಿಪಿ ಕೂಡ ನೋಡಿಸಲಿಲ್ಲ. ಹೀಗೆ ಆಸ್ಪತ್ರೆ ತಪ್ಪಿಸಿಕೊಳ್ಳುವವರು ಬಹಳ ಜನ. ತೂಕದಿಂದ ಬಂತು ಅನ್ನುವ ಕಾಯಿಲೆಗಳಲ್ಲಿ, ತೋರಿಸಿಕೊಳ್ಳಲು ನಾಚಿ ತಡ ಮಾಡಿದ್ದರಿಂದ ಬೆಳೆದದ್ದೂ ಇರುತ್ತದೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಈ ಕಳಂಕದ ವಿರುದ್ಧ ಜಂಟಿ ಹೇಳಿಕೆ ಕೊಟ್ಟರು. ನೂರಕ್ಕೂ ಹೆಚ್ಚು ಸಂಸ್ಥೆಗಳು ಬೆಂಬಲಿಸಿದವು. ವೈದ್ಯರೂ ಈ ಕಳಂಕದಿಂದ ಹೊರತಲ್ಲ ಅಂತ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟನ್ನು ಓದಿಯೇ ನನಗೆ ಅರ್ಧ ಸಮಾಧಾನವಾಯಿತು.

ಆದರೆ ಎಲ್ಲಕ್ಕಿಂತ ಆಳದ ಗಾಯ ಬೇರೆ. ಹೊರಗಿನವರ ಮಾತು ನಮ್ಮದೇ ದನಿಯಾಗುವುದು. ಟೇಲರ್ ಅಂಗಡಿಯಲ್ಲಿ ಯಾರೂ ನನ್ನನ್ನು ಅಸಹ್ಯ ಅನ್ನಲಿಲ್ಲ. ಅಂದದ್ದು ನಾನು. ದಾರಿಯುದ್ದಕ್ಕೂ, ಮನೆಗೆ ಬಂದ ಮೇಲೂ, ಅದನ್ನೇ ಅಂದುಕೊಂಡೆ. ಬೇರೆಯವರು ಒಮ್ಮೆ ಅಂದು ಹೋಗುತ್ತಾರೆ. ನಾವು ದಿನಕ್ಕೆ ನೂರು ಸಲ ಅಂದುಕೊಳ್ಳುತ್ತೇವೆ. ಖಿನ್ನತೆಗೆ, ಆತಂಕಕ್ಕೆ, ಕದ್ದು ತಿನ್ನುವುದಕ್ಕೆ ಹೆಚ್ಚು ಹತ್ತಿರವಾಗಿರುವುದು ಈ ಒಳಗಿನ ದನಿ.

ಮೈಂಡ್‌ಫುಲ್‌ನೆಸ್ ಕೆಲಸ ಮಾಡುವುದು ಇಲ್ಲೇ.

ಈ ಪದಕ್ಕೆ ಸಾವಧಾನತೆ ಅಂತ ಬರೆಯುತ್ತಾರೆ. ನನಗೆ ನಮ್ಮ ವಿಜಯಪುರದ ಕಡೆಯ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ: ಖಬರು. ಒಲೆ ಮೇಲಿನ ಹಾಲು ಉಕ್ಕಿಸಿದಾಗ ಅವ್ವ ಬೈಯುತ್ತಿದ್ದಳಲ್ಲ, "ಮೈಮ್ಯಾಲ ಖಬರ ಐತಿಲ್ಲ ನಿನಗ?" ಅಂತ. ಅದೇ ಖಬರು. ಈಗ, ಈ ಕ್ಷಣದಲ್ಲಿ, ಮೈಯಲ್ಲಿ ಏನಾಗುತ್ತಿದೆ, ಮನಸ್ಸಿನಲ್ಲಿ ಏನು ಓಡುತ್ತಿದೆ ಅನ್ನುವುದು ಗೊತ್ತಿರುವುದು. ಅವ್ವನ ಖಬರಿಗೆ ಒಂದೇ ಒಂದು ಸೇರಿಸಬೇಕು. ಗೊತ್ತಾದದ್ದಕ್ಕೆ ಒಳ್ಳೇದು, ಕೆಟ್ಟದ್ದು ಅಂತ ತೀರ್ಪು ಕೊಡಬಾರದು. ದಪ್ಪಗಿರುವವರಿಗೆ ಇದು ಬಹಳ ಕಷ್ಟದ ಭಾಗ. ಯಾಕೆಂದರೆ ನಾವು ಮೈ ಮೇಲಿನ ಖಬರನ್ನು ಬೇಕಂತಲೇ ಬಿಟ್ಟಿರುತ್ತೇವೆ. ಕನ್ನಡಿಯಲ್ಲಿ ಕುತ್ತಿಗೆ ತನಕ ಮಾತ್ರ ನೋಡಿಕೊಳ್ಳುತ್ತೇವೆ. ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗುತ್ತೇವೆ. ಹಸಿವು, ಹೊಟ್ಟೆ ತುಂಬಿದ್ದು ಎರಡೂ ತಿಳಿಯದಂತಾಗಿರುತ್ತದೆ.

ಈ ಖಬರಿನ ಅಭ್ಯಾಸವನ್ನು ಆಸ್ಪತ್ರೆಯೊಳಗೆ ತಂದವರಲ್ಲಿ ಮುಖ್ಯರು ಜಾನ್ ಕಬತ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿ, ತೀರದ ನೋವಿನ ರೋಗಿಗಳಿಗಾಗಿ ಶುರು ಮಾಡಿದರು. ಬೌದ್ಧ ಧ್ಯಾನ ಮತ್ತು ಯೋಗದಿಂದ ಕಲಿತದ್ದನ್ನು ಯಾವ ಧರ್ಮದ ಹೆಸರೂ ಇಲ್ಲದೆ ಎಂಟು ವಾರದ ತರಬೇತಿ ಮಾಡಿದರು. ಅದರ ಮೊದಲ ತರಗತಿಯ ಪಾಠ ಏನು ಗೊತ್ತಾ? ಒಂದೇ ಒಂದು ಒಣದ್ರಾಕ್ಷಿ ತಿನ್ನುವುದು.

ಇದನ್ನು ಓದಿ ನನಗೆ ಹಿಗ್ಗಾಯಿತು. ನಮ್ಮ ಜಿಲ್ಲೆ ಅಂದರೆ ದ್ರಾಕ್ಷಿ. ಬೇಸಿಗೆ ಹತ್ತಿರ ಬಂದರೆ ತಿಕೋಟಾ ಕಡೆ ಹಸಿರು ಪರದೆಯ ಶೆಡ್ಡುಗಳಲ್ಲಿ, ಅಟ್ಟಣಿಗೆ ಅಟ್ಟಣಿಗೆಯಾಗಿ ಕಟ್ಟಿದ ಜಾಲರಿ ಮೇಲೆ ಕಾಯಿ ಒಣಗುತ್ತಿರುತ್ತವೆ. ಮನೆಯಲ್ಲಿ ಡಬ್ಬಿಗಟ್ಟಲೆ ಇರುತ್ತದೆ. ಪಾಯಸಕ್ಕೆ ಹಾಕುವಾಗ ಮುಷ್ಟಿ ತುಂಬಿ ಬಾಯಿಗೆ ಎಸೆದುಕೊಳ್ಳುತ್ತೇವೆ. ಒಂದನ್ನು ನೋಡಿ ತಿಂದವರು ಯಾರಿದ್ದಾರೆ?

ನಾನು ಮಾಡಿ ನೋಡಿದೆ. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡೆ. ಕಿಟಕಿ ಬೆಳಕಿಗೆ ಹಿಡಿದರೆ ಒಳಗೆ ಜೇನಿನ ಬಣ್ಣ ಕಂಡಿತು. ಒಂದು ತುದಿಗೆ ತೊಟ್ಟು ಕಿತ್ತ ಗುರುತು, ಸಣ್ಣ ಹೊಕ್ಕುಳದಂತೆ. ಬೆರಳಲ್ಲಿ ಉರುಳಿಸಿದರೆ ಸ್ವಲ್ಪ ಅಂಟು. ಕಿವಿ ಹತ್ತಿರ ಹಿಸುಕಿದರೆ ಬಹಳ ಸಣ್ಣ ಸಪ್ಪಳ. ಮೂಗಿನ ಹತ್ತಿರ ತಂದ ಕೂಡಲೇ ಬಾಯಲ್ಲಿ ನೀರು ಬಂತು. ನಾಲಿಗೆ ಮೇಲೆ ಇಟ್ಟು ಕಚ್ಚದೆ ಬಿಟ್ಟೆ. ಮೊದಲು ಏನೂ ರುಚಿಯಿಲ್ಲ. ಒಂದು ಸಲ ಕಚ್ಚಿದೆ. ಸಿಹಿಗಿಂತ ಮೊದಲು ಹುಳಿ ಬಂತು. ಮೂವತ್ತೈದು ವರ್ಷದಿಂದ ಒಣದ್ರಾಕ್ಷಿ ತಿನ್ನುತ್ತಿದ್ದೇನೆ, ಅದರಲ್ಲಿ ಹುಳಿ ಇದೆ ಅಂತ ಅವತ್ತು ಗೊತ್ತಾಯಿತು. ನುಂಗುವ ಮೊದಲೇ ಕೈ ಇನ್ನೊಂದಕ್ಕೆ ಹೋಗಿತ್ತು. ಅದನ್ನೂ ನೋಡಿದೆ. ಹೋಗಿದೆ ಕೈ, ಅಷ್ಟೇ. ಬೈದುಕೊಳ್ಳಲಿಲ್ಲ.

ಇಡೀ ಅಭ್ಯಾಸದ ತಿರುಳು ಆ ಕೈಯಲ್ಲಿದೆ. ಆಸೆ ಎದ್ದದ್ದಕ್ಕೂ ಕೈ ಹೋದದ್ದಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಖಬರು ಇದ್ದರೆ ಆ ಸಂದು ಕಾಣುತ್ತದೆ. ಅವಮಾನದಲ್ಲೂ ಹಾಗೆಯೇ. ನಂಬರ್ ಕಿವಿಗೆ ಬಿತ್ತು. ಮುಖ ಬಿಸಿಯಾಯಿತು. 'ನಾನು ಅಸಹ್ಯ' ಅಂತ ಮನಸ್ಸು ಅಂದಿತು. ರಾತ್ರಿ ಡಬ್ಬಿ ಹುಡುಕಿದೆ. ನನಗೆ ಇವೆಲ್ಲ ಒಂದೇ ಗಂಟಾಗಿ ಕಂಡಿದ್ದವು. ನಿಧಾನಕ್ಕೆ ಬಿಚ್ಚಿದರೆ ನಾಲ್ಕು ಬೇರೆ ಬೇರೆ ಎಳೆ. ಮೊದಲಿನ ಎರಡು ನನ್ನ ಕೈಯಲ್ಲಿಲ್ಲ. ಮೂರನೆಯದನ್ನು ನಂಬಲೇಬೇಕು ಅಂತೇನಿಲ್ಲ.

ಈಗ ಅಂಥ ಹೊತ್ತಿನಲ್ಲಿ ನಾನು ಮಾಡುವುದು ಹೀಗೆ. ಮೊದಲು ಪಾದ ನೆಲಕ್ಕೆ ತಾಗಿದ್ದನ್ನು ಗಮನಿಸುತ್ತೇನೆ. ಚಪ್ಪಲಿಯೊಳಗೆ ಬೆರಳು ಒತ್ತುತ್ತೇನೆ. ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತೇನೆ. ಉಸಿರು ಬಿಡುವಾಗ ಎದೆ ಬಡಿತ ಸಹಜವಾಗಿಯೇ ಕಡಿಮೆಯಾಗುತ್ತದೆ, ಮೂರು ಸಲ ಸಾಕು. ಆಮೇಲೆ ಆಗುತ್ತಿರುವುದಕ್ಕೆ ಹೆಸರಿಡುತ್ತೇನೆ: ಇದು ನಾಚಿಕೆ. ಇದು ಸಿಟ್ಟು. ಹೆಸರಿಡುವುದು ಸಣ್ಣ ಕೆಲಸ ಅನ್ನಿಸಬಹುದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟರೆ ಭಯ ಎಬ್ಬಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದು ಕಂಡಿತು. ಕೊನೆಗೆ 'ನಾನು ಅಸಹ್ಯ' ಅನ್ನುವುದನ್ನು 'ನಾನು ಅಸಹ್ಯ ಅಂತ ಮನಸ್ಸು ಹೇಳ್ತಿದೆ' ಅಂತ ಬದಲಿಸುತ್ತೇನೆ. ಮಾತು ಅದೇ. ಆದರೆ ಈಗ ಅದು ಹೊರಗೆ ನಿಂತ ಮಾತು, ಬಾಗಿಲು ತೆರೆಯುವುದು ಬಿಡುವುದು ನನ್ನಿಷ್ಟ.

ಈ ಕೊನೆಯ ಉಪಾಯ ನನ್ನದಲ್ಲ. 'ಆಕ್ಟ್' (ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಎಂಬ ಮನಸ್ಸಿನ ಚಿಕಿತ್ಸಾ ಪದ್ಧತಿಯದು. ಜೇಸನ್ ಲಿಲ್ಲಿಸ್, ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು 2009ರಲ್ಲಿ 84 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಎಲ್ಲರೂ ತೂಕ ಇಳಿಸಲು ಹೆಣಗಿದವರೇ. ಅರ್ಧ ಜನರಿಗೆ ಒಂದೇ ಒಂದು ದಿನದ ಕಾರ್ಯಾಗಾರ. ಮೂರು ತಿಂಗಳ ನಂತರ ನೋಡಿದರೆ ಅವರಲ್ಲಿ ಕಳಂಕದ ಭಾರ, ಮನಸ್ಸಿನ ಸಂಕಟ ಎರಡೂ ಉಳಿದವರಿಗಿಂತ ಕಡಿಮೆಯಾಗಿದ್ದವು. ಸಣ್ಣ ಅಧ್ಯಯನ, ನಿಜ. ಆದರೆ ಕಳಂಕವನ್ನೇ ಗುರಿಯಾಗಿಟ್ಟುಕೊಂಡು ಮಾಡಿದ್ದು ಅನ್ನುವ ಕಾರಣಕ್ಕೆ ನನಗೆ ಅದು ದೊಡ್ಡದು.

ಖಬರಿನ ಜೊತೆ ಕರುಣೆಯೂ ಬೇಕು, ಅದೂ ತನ್ನ ಮೇಲೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ತಂಗಿ ಅಳುತ್ತಾ ಬಂದು "ಅಂಗಡ್ಯಾಗ ಎಲ್ಲಾರೂ ನೋಡಿದ್ರು ಅಕ್ಕಾ" ಅಂದರೆ ನಾನು ಏನು ಹೇಳುತ್ತೇನೆ? ಅದನ್ನೇ ನನಗೂ ಹೇಳಿಕೊಳ್ಳುವುದು. ಜೊತೆಗೆ, ಇದು ನನಗೊಬ್ಬಳಿಗೇ ಅಲ್ಲ ಅಂತ ನೆನಪಿಡುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಸುಮಾರು ಶೇ 23ರಷ್ಟು ಜನರ ತೂಕ ಎತ್ತರಕ್ಕೆ ಮೀರಿದ್ದು. ಆ ವಯಸ್ಸಿನ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು.

ಎರಡು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಒಂದು, ಇದು ತೂಕ ಇಳಿಸುವ ಹೊಸ ದಾರಿ ಅನ್ನುವುದು. ಸಂಕಟಕ್ಕೆ ತಿನ್ನುವುದು, ಒಮ್ಮೆಲೇ ಮಿತಿ ಮೀರಿ ತಿನ್ನುವುದು ಇದರಿಂದ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರ ಇದೆ. ತೂಕ ಇಳಿಯುತ್ತದೆ ಅಂತ ಭರವಸೆ ಕೊಡುವಷ್ಟು ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರಿದ್ದರೆ ದೂರ ಇರಿ. ಇನ್ನೊಂದು ನನಗೆ ಹೆಚ್ಚು ನೋವು ಕೊಡುವಂಥದ್ದು: ಯಾರು ಏನಂದರೂ ಉಸಿರು ಎಳೆದುಕೊಂಡು ತಡೆದುಕೊಳ್ಳಬೇಕು ಅನ್ನುವುದು. ಹೆಣ್ಣುಮಕ್ಕಳಿಗೆ ತಡೆದುಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಖಬರು ಬಂದರೆ ಬಾಯಿ ಬರುತ್ತದೆ, ಅದೂ ಕೂಗಾಡದೆ. "ಮಾವಶಿ, ನನ್ನ ಮೈ ಸುದ್ದಿ ಬ್ಯಾಡ, ನಿಮ್ಮ ಮೊಮ್ಮಗನ ಸುದ್ದಿ ಹೇಳ್ರಿ" ಅಂತ ಈಗ ನಗುತ್ತಲೇ ಹೇಳುತ್ತೇನೆ. ವೈದ್ಯರಿಗೆ, "ಡಾಕ್ಟ್ರೇ, ಇದೇ ನೋವು ಅಂತ ತೆಳ್ಳಗಿದ್ದವರು ಬಂದಿದ್ದರೆ ಏನು ತಪಾಸಣೆ ಮಾಡ್ತಿದ್ರಿ? ನನಗೂ ಅದನ್ನೇ ಮಾಡ್ರಿ" ಅನ್ನಬಹುದು. ಕಿವಿ ನೋವಿನ ದಿನ ನನಗೆ ಈ ವಾಕ್ಯ ಗೊತ್ತಿರಬೇಕಿತ್ತು.

ಕಣ್ಣು ಮುಚ್ಚಿ ಮೈಯನ್ನೆಲ್ಲ ಗಮನಿಸುವ ಅಭ್ಯಾಸ ಎಲ್ಲರಿಗೂ ಮೊದಲ ದಿನವೇ ಆಗಿಬರುವುದಿಲ್ಲ. ಹೊಟ್ಟೆ ಹತ್ತಿರ ಬಂದ ಕೂಡಲೇ ಅಳು ಬರಬಹುದು. ನನಗೆ ಬಂದಿತ್ತು. ಆಗ ಅಂಗೈ, ಪಾದ, ಹೊರಗಿನ ಸಪ್ಪಳ, ಇಷ್ಟರಿಂದ ಶುರು ಮಾಡಿದರೆ ಸಾಕು. ಎರಡು ವಾರದಿಂದ ಮನಸ್ಸು ಮಂಕಾಗಿದ್ದರೆ, ಕದ್ದು ತಿನ್ನುವುದು ವಾರಕ್ಕೆ ಮತ್ತೆ ಮತ್ತೆ ಆಗುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸುತ್ತಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಹೆಣಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ.

ಮೊನ್ನೆ ನಾಗರ ಪಂಚಮಿಗೆ ಹೊಸ ಬ್ಲೌಸ್ ಹೊಲಿಸಲು ಅದೇ ಅಂಗಡಿಗೆ ಹೋದೆ. ಟೇಪು ಹಿಡಿಯುವ ಮೊದಲೇ, "ಅಣ್ಣಾರ, ನಂಬರ್ ಒದರಬ್ಯಾಡ್ರಿ, ನೀವ ಬರಕೋರಿ" ಅಂದೆ. ಮುಖ ಬಿಸಿಯಾಗಿತ್ತು. ಚಪ್ಪಲಿಯೊಳಗೆ ಬೆರಳು ಒತ್ತಿ ನಿಂತಿದ್ದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆತ್ರಿ ಅಕ್ಕಾರ" ಅಂತ ಹೇಳಿ ಹುಡುಗನ ಕೈಯಿಂದ ವಹಿ ಇಸಿದುಕೊಂಡರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದರು. ನನ್ನ ನಂತರ ಅಳತೆ ಕೊಡಲು ಎದ್ದ ಹುಡುಗಿ ತೆಳ್ಳಗಿದ್ದಳು. ಅವಳದನ್ನೂ ಅವರು ಒದರಲಿಲ್ಲ, ಸುಮ್ಮನೆ ಬರೆದುಕೊಂಡರು.